ಮೂತಿ ಬರುವ ಮುನ್ನವೇ ಮೂತಿ ಹುಳುವನ್ನು ಗುರುತಿಸುವುದು ಹೇಗೆ?

ಮಕ್ಕಳೇ, ತೆಂಗಿನ ತೋಟಗಳಿರುವ ಊರುಗಳಲ್ಲಿ ಎರಡು ಬಗೆಯ ದಪ್ಪ ಬಿಳಿ ಹುಳುಗಳು ಕಾಣಸಿಗುತ್ತವೆ. ಒಂದು, ತಿಪ್ಪೆಗುಂಡಿಯಿಂದ ಗೊಬ್ಬರ ತೆಗೆಯುವಾಗ ಸಿಗುತ್ತದೆ. ಇನ್ನೊಂದು, ಸುಳಿ ಒಣಗಿ ಸತ್ತ ತೆಂಗಿನ ಮರವನ್ನು ಕಡಿದು ಸೀಳಿದಾಗ ಕಾಂಡದೊಳಗೆ ಸಿಗುತ್ತದೆ. ಎರಡೂ ಬೆರಳಿನಷ್ಟು ದಪ್ಪ. ಎರಡಕ್ಕೂ ಕಂದು ಬಣ್ಣದ ತಲೆ. ಎರಡೂ ಮೈಯನ್ನು ಕುಡುಗೋಲಿನಂತೆ ಬಾಗಿಸಿಕೊಂಡಿರುತ್ತವೆ. ಆದ್ದರಿಂದ ಅನೇಕರು "ಎರಡೂ ಗೊಬ್ಬರದ ಹುಳುವೇ" ಎಂದುಬಿಡುತ್ತಾರೆ.

ನಿಜವಾಗಿ ಇವು ಬೇರೆ ಬೇರೆ ಕೀಟಗಳ ಮರಿಗಳು. ತಿಪ್ಪೆಯಲ್ಲಿರುವುದು ಕುರುವಾಯಿ ದುಂಬಿಯ ಮರಿ. ಅದು ಕೊಳೆತ ಗೊಬ್ಬರವನ್ನು ತಿಂದು ಬೆಳೆಯುತ್ತದೆ, ಮರವನ್ನು ಮುಟ್ಟುವುದಿಲ್ಲ. ಕಾಂಡದಲ್ಲಿರುವುದು ಕೆಂಪು ಮೂತಿ ಹುಳುವಿನ ಮರಿ. ಅದು ಜೀವಂತ ಮರದ ಒಳಭಾಗವನ್ನೇ ತಿನ್ನುತ್ತದೆ. ಎರಡೂ ಒಂದೇ ಎಂದು ತಿಳಿದ ರೈತರು ತಿಪ್ಪೆಯನ್ನು ಶುಚಿಮಾಡಿ ಸುಮ್ಮನಾಗಬಹುದು. ಅಷ್ಟರಲ್ಲಿ ಪಕ್ಕದ ಮರವೂ ಹೋಗಿರುತ್ತದೆ. ಹುಳುವಿನ ಸರಿಯಾದ ಗುರುತು ಸಿಕ್ಕರೆ ಮಾತ್ರ ಸರಿಯಾದ ಉಪಾಯ ಸಿಗುತ್ತದೆ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಬನ್ನಿ, ಒಂದೊಂದೇ ಹೆಜ್ಜೆಯಾಗಿ ಕಲಿಯೋಣ.

ಮೂತಿ ಹುಳು ಎಂದರೆ ಯಾವುದು?

ಅಕ್ಕಿ ಡಬ್ಬಿಯಲ್ಲಿ ಹರಿದಾಡುವ ಸುಮಾರು 3 ಮಿ.ಮೀ. ಉದ್ದದ ಕಂದು ಕೀಟವನ್ನು ನೀವೆಲ್ಲ ನೋಡಿದ್ದೀರಿ. ಮಸೂರದಲ್ಲಿ ನೋಡಿದರೆ ಅದರ ತಲೆ ಮುಂದಕ್ಕೆ ಚಾಚಿ ಪುಟ್ಟ ಸೊಂಡಿಲಿನಂತೆ ಕಾಣುತ್ತದೆ. ಇದೇ ಅದರ ಮೂತಿ. ಬಾಯಿ ಇರುವುದು ಮೂತಿಯ ತುದಿಯಲ್ಲಿ. ಇಂಥ ಮೂತಿಯುಳ್ಳ ದುಂಬಿಗಳನ್ನು ಮೂತಿ ಹುಳು ಅಥವಾ ಸೊಂಡಿಲು ಹುಳು ಎನ್ನುತ್ತಾರೆ. ಪ್ರಪಂಚದಲ್ಲಿ ಈವರೆಗೆ ಹೆಸರಿಟ್ಟಿರುವ ಮೂತಿ ಹುಳುಗಳ ಪ್ರಭೇದಗಳೇ 60,000ಕ್ಕೂ ಹೆಚ್ಚು!

ರೇಷ್ಮೆ ಹುಳುವಿನಂತೆ ಇವುಗಳ ಜೀವನದಲ್ಲೂ ನಾಲ್ಕು ಹಂತಗಳಿವೆ: ಮೊಟ್ಟೆ, ಮರಿಹುಳು (ಲಾರ್ವಾ), ಪ್ಯೂಪಾ ಮತ್ತು ಪ್ರೌಢ ಕೀಟ. ಪ್ರೌಢ ಕೀಟವನ್ನು ಮೂತಿ ನೋಡಿ ಗುರುತಿಸಬಹುದು. ಆದರೆ ಮರಿಹುಳುವಿಗೆ ಮೂತಿ ಇರುವುದಿಲ್ಲ. ರೆಕ್ಕೆಯೂ ಇಲ್ಲ, ಉದ್ದ ಮೀಸೆಯೂ ಇಲ್ಲ. ಬೆಳೆಯನ್ನು ಹೆಚ್ಚಾಗಿ ತಿನ್ನುವುದು ಮಾತ್ರ ಈ ಹಂತವೇ. ಹೀಗಾಗಿ ಮೂತಿಯಿಲ್ಲದಿರುವಾಗಲೇ ಅದನ್ನು ಗುರುತಿಸಬೇಕಾಗುತ್ತದೆ. ಇದಕ್ಕೆ ಮೂರು ಪ್ರಶ್ನೆಗಳನ್ನು ಕೇಳಬೇಕು.

ಮೊದಲನೆಯ ಪ್ರಶ್ನೆ: ಕಾಲುಗಳಿವೆಯೇ?

ಹುಳುವನ್ನು ಒಂದು ಕಾಗದದ ಮೇಲೆ ಇಟ್ಟು, ಕಡ್ಡಿಯಿಂದ ಮೆಲ್ಲನೆ ಹೊರಳಿಸಿ, ತಲೆಯ ಹಿಂದಿನ ಭಾಗವನ್ನು ಮಸೂರದಲ್ಲಿ ನೋಡಿ.

1. ತಲೆಯ ಹಿಂದೆ ಮೂರು ಜೊತೆ ಕಾಲುಗಳು, ಜೊತೆಗೆ ಹೊಟ್ಟೆಯ ಅಡಿಯಲ್ಲಿ ಗಿಡ್ಡನೆಯ ಮೆತ್ತನೆಯ ಕಾಲುಗಳೂ ಇದ್ದರೆ ಅದು ಸಾಮಾನ್ಯವಾಗಿ ಚಿಟ್ಟೆ ಅಥವಾ ಪತಂಗದ ಮರಿ. ರೇಷ್ಮೆ ಹುಳು ಇದಕ್ಕೆ ಉದಾಹರಣೆ.

2. ತಲೆಯ ಹಿಂದೆ ಮೂರು ಜೊತೆ ಕಾಲುಗಳು ಮಾತ್ರ ಇದ್ದರೆ ಅದು ಬೇರೆ ಯಾವುದೋ ದುಂಬಿಯ ಮರಿ ಇರಬಹುದು. ತಿಪ್ಪೆಯ ಕುರುವಾಯಿ ಮರಿ ಈ ಗುಂಪಿನದು.

3. ಕಾಲೂ ಇಲ್ಲ, ಎದ್ದು ಕಾಣುವ ತಲೆಯೂ ಇಲ್ಲ, ಒಂದು ತುದಿ ಚೂಪಾಗಿದೆ ಎಂದರೆ ಅದು ನೊಣದ ಮರಿ ಇರಬೇಕು.

4. ಕಾಲು ಇಲ್ಲ, ಆದರೆ ಗಟ್ಟಿಯಾದ ಕಂದು ತಲೆ ಇದೆ, ಮೈ ದುಂಡಗೆ ಬಾಗಿದೆ ಎಂದರೆ ಅದು ಮೂತಿ ಹುಳುವಿನ ಮರಿ ಆಗಿರುವ ಸಂಭವ ಹೆಚ್ಚು.

"ಸಂಭವ ಹೆಚ್ಚು" ಎಂದು ಏಕೆ ಹೇಳಿದೆವು? ಕಾಲಿಲ್ಲದ ಮರಿಗಳು ಬೇರೆಯೂ ಇವೆ. ಕಣಜದ ಮರಿಗೂ ಕಾಲಿಲ್ಲ. ಆದರೆ ಅದು ತಾಯಿ ಕಟ್ಟಿದ ಗೂಡಿನಲ್ಲಿರುತ್ತದೆ. ಮರ ಕೊರೆಯುವ ಕೆಲವು ದುಂಬಿಗಳ ಮರಿಗಳಿಗೂ ಕಾಲು ಇಲ್ಲ, ಅಥವಾ ಇದ್ದರೂ ಕಾಣದಷ್ಟು ಚಿಕ್ಕದು. ಆದರೆ ಅವುಗಳ ಮೈ ಉದ್ದವಾಗಿ ನೆಟ್ಟಗಿರುತ್ತದೆ, ಮುಂಭಾಗ ಅಗಲವಾಗಿರುತ್ತದೆ. ಆದ್ದರಿಂದ ಒಂದೇ ಗುರುತನ್ನು ನೋಡಿ ತೀರ್ಮಾನಕ್ಕೆ ಬರಬಾರದು.

ಮೂತಿ ಹುಳುವಿನ ಮರಿಗೆ ಕಾಲು ಏಕೆ ಬೇಡ? ಅಕ್ಕಿಯ ಮೂತಿ ಹುಳುವನ್ನೇ ನೋಡಿ. ತಾಯಿ ಹುಳು ತನ್ನ ಮೂತಿಯಿಂದ ಕಾಳಿನಲ್ಲಿ ಚಿಕ್ಕ ಕುಳಿ ಕೊರೆದು, ಅದರೊಳಗೆ ಒಂದು ಮೊಟ್ಟೆಯಿಟ್ಟು, ಅಂಟಿನಿಂದ ಮುಚ್ಚಿಬಿಡುತ್ತದೆ. ಮೊಟ್ಟೆಯೊಡೆದ ಮರಿಯ ಸುತ್ತಲೂ ಆಹಾರವೇ! ಊಟಕ್ಕಾಗಿ ಅದು ಎಲ್ಲಿಗೂ ನಡೆಯಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಗಟ್ಟಿ ದವಡೆ ಮಾತ್ರ. ಕಂದು ತಲೆಯಲ್ಲಿರುವುದು ಆ ದವಡೆಗಳೇ.

ಎರಡನೆಯ ಪ್ರಶ್ನೆ: ಎಲ್ಲಿ ಸಿಕ್ಕಿತು? ಏನನ್ನು ತಿನ್ನುತ್ತಿತ್ತು?

ಮೂತಿ ಹುಳುಗಳ ಮರಿಗಳೆಲ್ಲ ನೋಡಲು ಅಣ್ಣತಮ್ಮಂದಿರಂತೆ ಇರುತ್ತವೆ. ಆದರೆ ಪ್ರತಿಯೊಂದಕ್ಕೂ ತನ್ನದೇ ಆದ ಮನೆ ಇದೆ. ಆದ್ದರಿಂದ ಹುಳು ಸಿಕ್ಕ ಜಾಗವನ್ನು ಬರೆದಿಟ್ಟುಕೊಳ್ಳುವುದು ಬಹಳ ಮುಖ್ಯ. ಜಾಗ ತಿಳಿಯದೆ ಬರಿಯ ಹುಳುವನ್ನು ಶೀಸೆಯಲ್ಲಿ ಹಾಕಿ ತಂದುಕೊಟ್ಟರೆ ಅರ್ಧ ಗುರುತು ಕಳೆದುಹೋದಂತೆಯೇ.

ತೆಂಗಿನ ಕಾಂಡದೊಳಗೆ: ಕೆಂಪು ಮೂತಿ ಹುಳುವಿನ ಮರಿ. ಪೂರ್ತಿ ಬೆಳೆದಾಗ ಸುಮಾರು 5 ಸೆಂ.ಮೀ. ಉದ್ದ. ನಡುಭಾಗ ದಪ್ಪ, ಎರಡೂ ತುದಿಗಳು ಸಣ್ಣ.

ಗೆಣಸಿನ ಗೆಡ್ಡೆಯೊಳಗೆ: ಗೆಣಸಿನ ಮೂತಿ ಹುಳುವಿನ ಮರಿ. ಇದು ಕೊರೆದ ಗೆಣಸು ಕಹಿಯಾಗಿ ಕೆಟ್ಟ ವಾಸನೆ ಬರುತ್ತದೆ. ದೊಡ್ಡದಾದ ಮೇಲೆ ಈ ಕೀಟ ಇರುವೆಯಂತೆ ಕಾಣುತ್ತದೆ.

ಮಾವಿನ ವಾಟೆಯೊಳಗೆ: ವಾಟೆ ಮೂತಿ ಹುಳುವಿನ ಮರಿ. ಕೆಲವು ಕಡೆ ವಾಟೆಯನ್ನು ಗೊರಟು ಎನ್ನುತ್ತಾರೆ.

ಬಾಳೆಯ ಬುಡದ ಗೆಡ್ಡೆಯೊಳಗೆ: ಗೆಡ್ಡೆ ಮೂತಿ ಹುಳುವಿನ ಮರಿ.

ಬಾಳೆಯ ದಿಂಡಿನೊಳಗೆ: ದಿಂಡು ಮೂತಿ ಹುಳುವಿನ ಮರಿ. ದಿಂಡಿನ ಹೊರಗೆ ಸಣ್ಣ ರಂಧ್ರಗಳಿಂದ ಅಂಟು ಒಸರುತ್ತಿರುತ್ತದೆ.

ಅಕ್ಕಿ, ಗೋಧಿ, ಜೋಳದ ಕಾಳಿನೊಳಗೆ: ಅಕ್ಕಿಯ ಮೂತಿ ಹುಳುವಿನ ಮರಿ ಅಥವಾ ಅದರ ಹತ್ತಿರದ ಸಂಬಂಧಿಯ ಮರಿ.

ಇಲ್ಲಿ ಮಾವಿನ ಹಣ್ಣು ನಮಗೆ ಒಂದು ಒಳ್ಳೆಯ ಪಾಠ ಹೇಳುತ್ತದೆ. ಹಣ್ಣಿನ ತಿರುಳಿನಲ್ಲಿ ಬಿಳಿ ಹುಳುಗಳು ಮಿಜಿಗುಟ್ಟುತ್ತಿದ್ದರೆ, ಹೊರಗೆ ತೆಗೆದಾಗ ಚಂಗನೆ ಜಿಗಿದರೆ, ಅವು ಹಣ್ಣಿನ ನೊಣದ ಮರಿಗಳು. ಅವುಗಳಿಗೆ ಕಂದು ತಲೆ ಇಲ್ಲ. ತಿರುಳು ಚೆನ್ನಾಗಿದ್ದು, ವಾಟೆಯನ್ನು ಒಡೆದಾಗ ಒಳಗಿನ ಬೀಜದಲ್ಲಿ ಕಂದು ತಲೆಯ ಒಂದು ಹುಳು ಇದ್ದರೆ ಅದು ಮೂತಿ ಹುಳುವಿನ ಮರಿ. ಹಣ್ಣು ಒಂದೇ, ಹುಳು ಎರಡು!

ವಾಟೆಯೊಳಗೆ ಆ ಹುಳು ಹೋದದ್ದು ಹೇಗೆ? ತಾಯಿ ಹುಳು ಎಳೆ ಕಾಯಿಯ ಸಿಪ್ಪೆಯ ಮೇಲೆ ಮೊಟ್ಟೆಯಿಡುತ್ತದೆ. ಮರಿ ತಿರುಳನ್ನು ಕೊರೆದುಕೊಂಡು, ವಾಟೆ ಗಟ್ಟಿಯಾಗುವ ಮೊದಲೇ ಅದರೊಳಗೆ ಸೇರಿಬಿಡುತ್ತದೆ. ಕಾಯಿ ಬೆಳೆದಂತೆ ಅದು ಹೋದ ದಾರಿ ಮುಚ್ಚಿಹೋಗುತ್ತದೆ. ಹೊರಗಿನಿಂದ ನೋಡಿದರೆ ಹಣ್ಣು ಚೊಕ್ಕವಾಗಿಯೇ ಇರುತ್ತದೆ. ಈ ಕಾರಣದಿಂದ ಬೇರೆ ದೇಶಗಳು ನಮ್ಮ ಮಾವನ್ನು ಕೊಳ್ಳಲು ಹಿಂಜರಿಯುತ್ತಿದ್ದವು. ಇಂಥ ಕೀಟಗಳು ಬೆಳೆಯದಂತೆ ಹಣ್ಣಿಗೆ ವಿಕಿರಣ ಹಾಯಿಸಿದ ಮೇಲೆಯೇ, 2007ರಲ್ಲಿ, ಭಾರತದ ಮಾವಿಗೆ ಅಮೆರಿಕದ ಮಾರುಕಟ್ಟೆ ಮತ್ತೆ ತೆರೆಯಿತು.

ಮೂರನೆಯ ಪ್ರಶ್ನೆ: ಪ್ಯೂಪಾ ಹೇಗಿದೆ?

ಮರಿಹುಳು ಪೂರ್ತಿ ಬೆಳೆದ ಮೇಲೆ ತಿನ್ನುವುದನ್ನು ನಿಲ್ಲಿಸಿ ಪ್ಯೂಪಾ ಆಗುತ್ತದೆ. ರೇಷ್ಮೆ ಗೂಡನ್ನು ಕತ್ತರಿಸಿದಾಗ ಒಳಗೆ ಸಿಗುವ ಕಂದು ಬಣ್ಣದ ಪ್ಯೂಪಾ ನಿಮಗೆ ಗೊತ್ತು. ಅದರ ಕಾಲು, ರೆಕ್ಕೆಗಳು ಮೈಗೆ ಅಂಟಿಕೊಂಡು ಒಂದೇ ಗಟ್ಟಿ ಹೊದಿಕೆಯಂತೆ ಕಾಣುತ್ತವೆ. ಮೂತಿ ಹುಳುವಿನ ಪ್ಯೂಪಾ ಹಾಗಲ್ಲ. ಅದು ಕೆನೆ ಬಣ್ಣದ್ದು, ಮೆತ್ತಗಿನದು. ಅದರ ಕಾಲುಗಳು ಮಡಿಸಿಕೊಂಡು ಬಿಡಿಬಿಡಿಯಾಗಿ ಕಾಣುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಎದೆಯ ಮೇಲೆ ಕೆಳಮುಖವಾಗಿ ಬಾಗಿದ ಮೂತಿ ಕಾಣಿಸುತ್ತದೆ! ಮರಿಹುಳುವಿನಲ್ಲಿ ಇರದಿದ್ದ ಮೂತಿ ಇಲ್ಲಿ ಮೊದಲ ಬಾರಿಗೆ ರೂಪುಗೊಂಡಿರುತ್ತದೆ.

ಹೆಸರುಕಾಳು, ಅಲಸಂದೆಯಲ್ಲಿ ಬರುವ ಹುಳುವನ್ನು ಇದೇ ಪರೀಕ್ಷೆಗೆ ಒಡ್ಡೋಣ. ಕಾಳಿನೊಳಗೆ ತಿಂದು ಬೆಳೆದ ಅದರ ಮರಿಯೂ ದುಂಡಗೆ ಬಾಗಿರುತ್ತದೆ, ಕಾಲುಗಳು ಕಾಣುವುದಿಲ್ಲ. ಆದ್ದರಿಂದ ಅದನ್ನೂ ಮೂತಿ ಹುಳು ಎಂದು ಭಾವಿಸಬಹುದು. ಆದರೆ ಅದರ ಪ್ಯೂಪಾದ ಎದೆಯ ಮೇಲೆ ಉದ್ದ ಮೂತಿ ಇಲ್ಲ. ಅದು ಬೇರೊಂದು ಗುಂಪಿಗೆ ಸೇರಿದ ಕಾಳಿನ ದುಂಬಿ. ಇನ್ನೊಂದು ಸುಳಿವೂ ಇದೆ. ಈ ದುಂಬಿ ಮೊಟ್ಟೆಯನ್ನು ಕಾಳಿನ ಒಳಗಲ್ಲ, ಸಿಪ್ಪೆಯ ಮೇಲೆ ಅಂಟಿಸುತ್ತದೆ. ಕಾಳಿನ ಮೇಲೆ ಕಾಣುವ ಬಿಳಿ ಚುಕ್ಕೆಗಳು ಅವೇ.

ಪ್ಯೂಪಾ ಇರುವ ಗೂಡು ಕೂಡ ಮಾತನಾಡುತ್ತದೆ. ಬಾಳೆಯ ಗೆಡ್ಡೆ ಮೂತಿ ಹುಳು ಮತ್ತು ದಿಂಡು ಮೂತಿ ಹುಳುಗಳ ಮರಿಗಳನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ಕಷ್ಟ. ಗಿಡದ ಬುಡದ ಹತ್ತಿರ ಎರಡೂ ಸಿಗಬಹುದು. ಆಗ ಪ್ಯೂಪಾ ಹುಡುಕಬೇಕು. ದಿಂಡು ಮೂತಿ ಹುಳುವಿನ ಮರಿ ಬಾಳೆಯ ನಾರನ್ನು ಸುತ್ತಿ ಗೂಡು ಕಟ್ಟಿಕೊಂಡು ಅದರೊಳಗೆ ಪ್ಯೂಪಾ ಆಗುತ್ತದೆ. ಗೆಡ್ಡೆ ಮೂತಿ ಹುಳು ನಾರಿನ ಗೂಡು ಕಟ್ಟುವುದಿಲ್ಲ. ತಾನು ಕೊರೆದ ಪೊಟರೆಯಲ್ಲೇ ಬರಿ ಮೈಯಲ್ಲಿ ಪ್ಯೂಪಾ ಆಗುತ್ತದೆ.

ಈ ವ್ಯತ್ಯಾಸದಿಂದ ರೈತರಿಗೆ ಏನು ಲಾಭ? ಗೆಡ್ಡೆ ಮೂತಿ ಹುಳು ನಾಟಿ ಮಾಡುವ ಕಂದಿನ ಜೊತೆಯಲ್ಲೇ ಹೊಸ ತೋಟಕ್ಕೆ ಬರುತ್ತದೆ. ಆದ್ದರಿಂದ ಹುಳುವಿಲ್ಲದ ಕಂದನ್ನು ಆರಿಸಬೇಕು. ದಿಂಡು ಮೂತಿ ಹುಳು ಗೊನೆ ಕಡಿದ ಮೇಲೆ ಬಿಟ್ಟ ಹಳೆಯ ದಿಂಡುಗಳಲ್ಲಿ ಹೆಚ್ಚುತ್ತದೆ. ಆದ್ದರಿಂದ ಅವನ್ನು ತೋಟದಲ್ಲಿ ಉಳಿಸಬಾರದು. ಒಂದು ಹುಳುವಿನ ಉಪಾಯ ಇನ್ನೊಂದಕ್ಕೆ ಸಾಲದು.

ಮತ್ತೆ ತೆಂಗಿನ ತೋಟಕ್ಕೆ ಹೋಗೋಣ

ಈಗ ಎರಡು ಬಿಳಿ ಹುಳುಗಳನ್ನು ನೀವೇ ಬೇರ್ಪಡಿಸಬಲ್ಲಿರಿ.

ತಿಪ್ಪೆಯ ಹುಳುವಿಗೆ ಮೂರು ಜೊತೆ ಕಾಲುಗಳಿವೆ. ಅದರ ಹಿಂಭಾಗ ಒಳಗಿನ ಗೊಬ್ಬರದಿಂದ ಕಪ್ಪಾಗಿ ಕಾಣುತ್ತದೆ. ಅದು ಗೊಬ್ಬರ ಅಥವಾ ಮಣ್ಣಿನಲ್ಲೇ ಪ್ಯೂಪಾ ಆಗುತ್ತದೆ. ಗಂಡು ಪ್ಯೂಪಾದ ತಲೆಯ ಮೇಲೆ ಕೊಂಬಿನ ಆಕಾರವೂ ಕಾಣುತ್ತದೆ. ಇದು ದೊಡ್ಡದಾದ ಮೇಲೆ ಕುರುವಾಯಿ ದುಂಬಿಯಾಗಿ ಹಾರಿಬಂದು ತೆಂಗಿನ ಸುಳಿಯನ್ನು ಕೊರೆಯುತ್ತದೆ. ಆಮೇಲೆ ಬಿಚ್ಚಿಕೊಂಡ ಗರಿಗಳು ಕತ್ತರಿಯಿಂದ ಕತ್ತರಿಸಿದಂತೆ ಕಾಣುತ್ತವೆ. ಇದರ ಮರಿಗಳನ್ನು ತಿಪ್ಪೆಯಲ್ಲೇ ಆರಿಸಿ ತೆಗೆಯಬಹುದು. ಮೆಟಾರೈಜಿಯಂ ಎಂಬ ಶಿಲೀಂಧ್ರವನ್ನು ಗೊಬ್ಬರಕ್ಕೆ ಬೆರೆಸುವುದೂ ಉಂಟು. ಅದು ತಗುಲಿದ ಮರಿಗಳು ಸತ್ತು, ಮೈಮೇಲೆ ಹಸಿರು ಪುಡಿ ಕಾಣಿಸುತ್ತದೆ.

ಕಾಂಡದ ಹುಳುವಿಗೆ ಕಾಲುಗಳೇ ಇಲ್ಲ. ಅದು ಮರದೊಳಗೆ ನಾರನ್ನು ಸುತ್ತಿ ಗೂಡು ಕಟ್ಟಿ ಪ್ಯೂಪಾ ಆಗುತ್ತದೆ. ಗೂಡು ಬಿಡಿಸಿದರೆ ಪ್ಯೂಪಾದ ಎದೆಯ ಮೇಲೆ ಮೂತಿ ಇರುತ್ತದೆ. ಇದು ಕೆಂಪು ಮೂತಿ ಹುಳು. ಕಾಂಡದ ರಂಧ್ರದಿಂದ ಕಂದು ದ್ರವ ಒಸರುವುದು, ಅಗಿದ ನಾರು ಹೊರಬರುವುದು, ಕಾಂಡಕ್ಕೆ ಕಿವಿಯಿಟ್ಟರೆ ಕರಕರ ಸದ್ದು ಕೇಳುವುದು ಇದರ ಲಕ್ಷಣಗಳು. ಗರಿಗಳು ಬಾಡುವ ಹೊತ್ತಿಗೆ ಒಳಗೆ ಬಹಳ ಹಾನಿಯಾಗಿರುತ್ತದೆ. ಇದರಿಂದ ಸತ್ತ ಮರವನ್ನು ಹಾಗೇ ಬಿಡದೆ ಕಡಿದು, ಸೀಳಿ, ಸುಡಬೇಕು. ಇಲ್ಲದಿದ್ದರೆ ಒಳಗಿನ ಪ್ಯೂಪಾಗಳಿಂದ ಹೊರಬಂದ ಹುಳುಗಳು ಪಕ್ಕದ ಮರಗಳಿಗೆ ಹೋಗುತ್ತವೆ.

ಇವೆರಡಕ್ಕೂ ಒಂದು ನಂಟಿದೆ. ಕುರುವಾಯಿ ದುಂಬಿ ಮಾಡಿದ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಅಲ್ಲಿ ಮೊಟ್ಟೆಯಿಡುತ್ತದೆ. ಆದ್ದರಿಂದ ತಿಪ್ಪೆಯನ್ನು ನೋಡಿಕೊಳ್ಳುವುದೂ ಮುಖ್ಯ, ಮರವನ್ನು ನೋಡಿಕೊಳ್ಳುವುದೂ ಮುಖ್ಯ. ಕಾಂಡಕ್ಕೆ ಮಚ್ಚಿನಿಂದ ಕಚ್ಚು ಹಾಕದಿರುವುದು ಒಳ್ಳೆಯದು. ತೆಂಗಿನ ಇಂಥ ಕೀಟಗಳ ಬಗ್ಗೆ ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ಅಧ್ಯಯನ ನಡೆಯುತ್ತದೆ.

ನಮ್ಮ ಭಾಗದ ಈ ಕೆಂಪು ಮೂತಿ ಹುಳು ದೂರ ದೇಶಗಳಿಗೂ ಹೋಗಿದೆ. 1980ರ ದಶಕದಲ್ಲಿ ಅರಬ್ ದೇಶಗಳ ಖರ್ಜೂರದ ತೋಟಗಳನ್ನು, 1990ರ ದಶಕದಲ್ಲಿ ಸ್ಪೇನ್ ದೇಶವನ್ನು ಸೇರಿತು. ನೆಡಲು ಸಾಗಿಸಿದ ಗಿಡಗಳ ಒಳಗೆ ಮೊಟ್ಟೆ, ಮರಿಗಳು ಅಡಗಿ ಪ್ರಯಾಣ ಮಾಡಿದವು. ರೇವುಗಳಲ್ಲಿ ಸಸ್ಯಗಳನ್ನು ಪರೀಕ್ಷಿಸುವವರಿಗೆ ಮರಿಹುಳುಗಳ ಗುರುತು ಏಕೆ ಬೇಕೆಂದು ಈಗ ತಿಳಿಯಿತೇ?

ಇಷ್ಟಾದರೂ ತಿಳಿಯದಿದ್ದರೆ?

ಅಕ್ಕಿಯ ಮೂತಿ ಹುಳುವಿಗೆ ಒಬ್ಬ ಹತ್ತಿರದ ಸಂಬಂಧಿ ಇದೆ: ಮುಸುಕಿನ ಜೋಳದ ಮೂತಿ ಹುಳು. ಇವೆರಡರ ಮರಿಗಳನ್ನು ಬರಿಗಣ್ಣಿನಿಂದ ಬೇರ್ಪಡಿಸಲು ಆಗುವುದಿಲ್ಲ. ಮನೆಯೂ ಒಂದೇ, ರೂಪವೂ ಒಂದೇ. ಪ್ರೌಢ ಕೀಟಗಳನ್ನೇ ಖಚಿತವಾಗಿ ಗುರುತಿಸಲು ವಿಜ್ಞಾನಿಗಳು ಅವುಗಳ ದೇಹದ ಒಳಗಿನ ಅಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ.

ಇಂಥ ಸಂದರ್ಭಗಳಿಗೆ ಎರಡು ದಾರಿಗಳಿವೆ. ಮೊದಲನೆಯದು ಹಳೆಯದು: ಮರಿಯನ್ನು ಸಾಕಿ, ದೊಡ್ಡದಾಗುವವರೆಗೆ ಕಾಯುವುದು. ಜರ್ಮನಿಯಲ್ಲಿ ಹುಟ್ಟಿದ ಮರಿಯಾ ಸಿಬಿಲಾ ಮೇರಿಯನ್ ಎಂಬ ಮಹಿಳೆ 1699ರಲ್ಲಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋಗಿ, ಅಲ್ಲಿನ ಹುಳುಗಳನ್ನು ಸಾಕಿ, ಅವುಗಳ ಬದಲಾವಣೆಗಳ ಚಿತ್ರ ಬರೆದರು. ಅವರ ಪುಸ್ತಕ 1705ರಲ್ಲಿ ಪ್ರಕಟವಾಯಿತು. ಯಾವ ಮರಿ ಯಾವ ಕೀಟವಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡು ಬರೆದದ್ದೇ ಅವರ ಹಿರಿಮೆ.

ಎರಡನೆಯ ದಾರಿ ಹೊಸದು. ಕೀಟದ ರೂಪ ಬದಲಾದರೂ ಅದರ ಜೀವಕೋಶಗಳಲ್ಲಿರುವ ಡಿ.ಎನ್.ಎ. ಬದಲಾಗುವುದಿಲ್ಲ. ಮೊಟ್ಟೆ, ಮರಿ, ಪ್ಯೂಪಾ, ಪ್ರೌಢ ಕೀಟ ಎಲ್ಲದರಲ್ಲೂ ಅದು ಒಂದೇ. ಡಿ.ಎನ್.ಎ.ಯ ಒಂದು ಚಿಕ್ಕ ತುಣುಕನ್ನು ಓದಿ ಪ್ರಾಣಿಗಳ ಪ್ರಭೇದವನ್ನು ಗುರುತಿಸಬಹುದು ಎಂದು ಕೆನಡಾದ ಪಾಲ್ ಹೆಬರ್ಟ್ ಮತ್ತು ಅವರ ಸಂಗಡಿಗರು 2003ರಲ್ಲಿ ಸೂಚಿಸಿದರು. ಅಂಗಡಿಯ ವಸ್ತುಗಳ ಮೇಲಿನ ಪಟ್ಟೆ ಗುರುತಿನಂತೆ ಇದು ಎಂದು ಅದಕ್ಕೆ ಡಿ.ಎನ್.ಎ. ಬಾರ್‌ಕೋಡ್ ಎಂದು ಹೆಸರಿಟ್ಟರು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಮೂತಿ ಹುಳು ಬಿದ್ದ ಒಂದು ಹಿಡಿ ಗೋಧಿ ಅಥವಾ ಜೋಳ, ಅಗಲ ಬಾಯಿಯ ಶೀಸೆ, ತೆಳು ಬಟ್ಟೆ, ದಾರ, ಮಸೂರ, ಬಿಳಿ ಕಾಗದ.

1. ಓಡಾಡುವ ಹುಳುಗಳನ್ನು ಜರಡಿಯಿಂದ ಬೇರ್ಪಡಿಸಿ. ತೂತಿಲ್ಲದ ಕಾಳುಗಳನ್ನು ಆರಿಸಿ ಶೀಸೆಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ದಿನಾಂಕ ಬರೆಯಿರಿ.

2. ವಾರಕ್ಕೊಮ್ಮೆ ಹತ್ತು ಕಾಳುಗಳನ್ನು ತೆಗೆದು ನೀರಿಗೆ ಹಾಕಿ. ಒಳಗೆ ಟೊಳ್ಳಾದ ಕಾಳುಗಳು ತೇಲುತ್ತವೆ. ಅವನ್ನು ನೆನೆಸಿ, ಶಿಕ್ಷಕರ ಸಹಾಯದಿಂದ ಸೀಳಿಸಿ.

3. ಮರಿಗೆ ಕಾಲುಗಳಿವೆಯೇ? ಪ್ಯೂಪಾಗೆ ಮೂತಿ ಇದೆಯೇ? ಮಸೂರದಲ್ಲಿ ನೋಡಿ ಚಿತ್ರ ಬರೆಯಿರಿ.

4. ಪ್ರತಿದಿನ ಶೀಸೆಯನ್ನು ಗಮನಿಸಿ. ಹೊಸ ಹುಳು ಹೊರಬಂದ ದಿನವನ್ನು ಗುರುತುಮಾಡಿ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಪ್ರೌಢ ಕೀಟವಾಗಲು ಒಂದು ತಿಂಗಳಿಗಿಂತ ತುಸು ಹೆಚ್ಚು ಸಾಕು.

ಎಚ್ಚರಿಕೆ: ಬ್ಲೇಡನ್ನು ನೀವೇ ಬಳಸಬೇಡಿ. ಪ್ರಯೋಗ ಮುಗಿದ ಮೇಲೆ ಆ ಕಾಳುಗಳನ್ನು ಕುದಿಯುವ ನೀರಿಗೆ ಹಾಕಲು ದೊಡ್ಡವರಿಗೆ ಹೇಳಿ. ಹುಳುಗಳು ಅಡುಗೆಮನೆಗೆ ಹೋಗದಂತೆ ನೋಡಿಕೊಳ್ಳಿ. ಕೈ ತೊಳೆಯಲು ಮರೆಯಬೇಡಿ.

ಯೋಚಿಸಿ ಉತ್ತರಿಸಿ

1. ಒಂದು ಬಿಳಿ ಹುಳುವಿಗೆ ಮೂರು ಜೊತೆ ಕಾಲುಗಳಿವೆ. ಅದು ಮೂತಿ ಹುಳುವಿನ ಮರಿ ಆಗಿರಬಹುದೇ? ಏಕೆ?

2. ಮಾವಿನ ಹಣ್ಣನ್ನು ಹೊರಗಿನಿಂದ ನೋಡಿ ವಾಟೆಯಲ್ಲಿ ಹುಳುವಿದೆಯೇ ಎಂದು ಹೇಳಲು ಏಕೆ ಆಗುವುದಿಲ್ಲ?

3. ಬಾಳೆಯ ಬುಡದಲ್ಲಿ ನಾರಿನ ಗೂಡಿನೊಳಗೆ ಪ್ಯೂಪಾ ಸಿಕ್ಕಿತು. ಅದು ಯಾವ ಮೂತಿ ಹುಳು? ಆ ತೋಟದವರಿಗೆ ನೀವು ಏನು ಸಲಹೆ ಕೊಡುತ್ತೀರಿ?

4. ನಿಮ್ಮ ಊರಿನ ತಿಪ್ಪೆ, ತೋಟ ಮತ್ತು ಮನೆಯ ಕಾಳುಗಳಲ್ಲಿ ಸಿಗುವ ಮರಿಹುಳುಗಳ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ ಸಿಕ್ಕ ಜಾಗ, ದಿನಾಂಕ, ಕಾಲು ಮತ್ತು ತಲೆಯ ವಿವರ ಬರೆಯಿರಿ. ಹೆಸರು ಗೊತ್ತಿಲ್ಲದ ಹುಳುವಿನ ಮುಂದೆ ಊಹಿಸಿ ಹೆಸರು ಬರೆಯದೆ ಆ ಜಾಗವನ್ನು ಖಾಲಿ ಬಿಡಿ. ಅದು ದೊಡ್ಡದಾದ ಮೇಲೆ ತುಂಬಬಹುದು.